ಸ್ಕೌಟ್ಸ್–ಗೈಡ್ಸ್‌ಗೆ ಸ್ವಯಂಸೇವಕರಾಗ್ತೀರಾ? ಮೊದಲು ಈ ನಿಯಮಗಳನ್ನು ತಿಳ್ಕೊಳ್ಳಿ

ಮಕ್ಕಳ ಶಾಲೆಯ ಹೆಡ್‌ಮಿಸ್ ಒಂದು ದಿನ ಕರೆದು, "ಸರ್, ನೀವು ಚಿಕ್ಕವರಿದ್ದಾಗ ಸ್ಕೌಟ್‌ನಲ್ಲಿದ್ರಂತೆ. ಶನಿವಾರ ಮಧ್ಯಾಹ್ನ ಒಂದೆರಡು ಗಂಟೆ ನಮ್ಮ ಮಕ್ಕಳನ್ನ ನೋಡ್ಕೊಳ್ತೀರಾ?" ಅಂತ ಕೇಳ್ತಾರೆ. ಅಂಗಡಿಯಲ್ಲಿ ತಮ್ಮನನ್ನು ಕೂರಿಸಿ, ಹಳೇ ಸ್ಕಾರ್ಫ್ ಹುಡುಕಿ ಹೊರಡೋಕೆ ಮನಸ್ಸೇನೋ ಸಿದ್ಧವಾಗಿರುತ್ತೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಕಡೆಯ ಎಷ್ಟೋ ಶಾಲೆಗಳಲ್ಲಿ ಸ್ಕೌಟ್ ದಳ ನಡೆಯೋದು ಹೀಗೆ ಒಪ್ಪಿಕೊಂಡ ಶಿಕ್ಷಕರು, ಪೋಷಕರು, ಹಳೇ ವಿದ್ಯಾರ್ಥಿಗಳಿಂದಲೇ.

ಆದರೆ ಒಳ್ಳೆ ಮನಸ್ಸೊಂದಿದ್ದರೆ ಸಾಲದು. ನೋಂದಣಿ ನವೀಕರಿಸದಿದ್ದರೆ ಮಗುವಿನ ಮೂರು ವರ್ಷದ ಶ್ರಮ ವ್ಯರ್ಥವಾಗಬಹುದು. ಪೋಷಕರ ಒಪ್ಪಿಗೆ ಪತ್ರ ಇಲ್ಲದೆ ಹೊರಗೆ ಕರ್ಕೊಂಡು ಹೋಗಿ ಏನಾದರೂ ಆದರೆ ಉತ್ತರ ಕೊಡಬೇಕಾದವರು ನೀವೇ. ಈ ನಿಯಮಗಳು ಮೊದಲು ಕಾಯೋದು ಮಗುವನ್ನು, ಆಮೇಲೆ ನಿಮ್ಮನ್ನು. ಯಾವ ಕಾಗದ ಯಾಕೆ ಬೇಕು, ಎಲ್ಲಿ ಸಿಗುತ್ತೆ ಅನ್ನೋದು ಇಲ್ಲಿದೆ.

ಯಾವ ಸಂಸ್ಥೆ, ಯಾರ ಕೈಕೆಳಗೆ?

ಭಾರತದಲ್ಲಿ ಸ್ಕೌಟಿಂಗ್ ಶುರುವಾಗಿದ್ದೇ ನಮ್ಮ ಬೆಂಗಳೂರಲ್ಲಿ, 1909ರಲ್ಲಿ, ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಬೇರೆ ಬೇರೆಯಾಗಿದ್ದ ಸಂಘಗಳು ಸೇರಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. 1951ರ ಆಗಸ್ಟ್ 15ಕ್ಕೆ ಗರ್ಲ್ ಗೈಡ್ಸ್ ಕೂಡ ಸೇರಿತು. ಪ್ರತಿ ನವೆಂಬರ್ 7ಕ್ಕೆ ಮಕ್ಕಳು ಅಂಗಡಿ ಅಂಗಡಿಗೆ ಧ್ವಜದ ಸ್ಟಿಕ್ಕರ್ ತರೋದು ಇದೇ ಸಂಸ್ಥಾಪನಾ ದಿನದ ಲೆಕ್ಕದಲ್ಲಿ.

ಆಡಳಿತ ಮೆಟ್ಟಿಲು ಮೆಟ್ಟಿಲಾಗಿದೆ: ಶಾಲೆಯ ದಳ, ಅದರ ಮೇಲೆ ಸ್ಥಳೀಯ ಸಂಸ್ಥೆ, ಜಿಲ್ಲಾ ಸಂಸ್ಥೆ, ರಾಜ್ಯ ಸಂಸ್ಥೆ, ಕೊನೆಗೆ ದೆಹಲಿಯ ರಾಷ್ಟ್ರೀಯ ಕಚೇರಿ. ಕರ್ನಾಟಕದ ರಾಜ್ಯ ಕಚೇರಿ ಅರಮನೆ ರಸ್ತೆಯ ಶಾಂತಿಗೃಹದಲ್ಲಿದೆ. ಕೆಂಗೇರಿ, ವಿಜಯನಗರದವರು ನೇರಳೆ ಮೆಟ್ರೋ ಹತ್ತಿ ಸೆಂಟ್ರಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಆ ಕಡೆ ಹೋಗಬಹುದು.

ನಮ್ಮ ಕಡೆ ಒಂದು ಗೊಂದಲ ಇದೆ. ಪಾಲಿಕೆ ಗಡಿ, ತಾಲ್ಲೂಕು ಗಡಿ, ಶಿಕ್ಷಣ ಇಲಾಖೆಯ ಬ್ಲಾಕ್ ಗಡಿ, ಸ್ಕೌಟ್ ಜಿಲ್ಲೆಯ ಗಡಿ ಒಂದಕ್ಕೊಂದು ಹೊಂದಲ್ಲ. ಸಾಲದ್ದಕ್ಕೆ 2025ರಲ್ಲಿ ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಅಂತ ಹೆಸರಿಟ್ಟಿದ್ದಾರೆ. ಅದಕ್ಕೂ ಶಿಕ್ಷಣ ಇಲಾಖೆ ಮೊದಲಿಂದ ಹೇಳುತ್ತಾ ಬಂದಿರುವ ಬೆಂಗಳೂರು ದಕ್ಷಿಣಕ್ಕೂ ಸಂಬಂಧ ಇಲ್ಲ. ನಿಮ್ಮ ದಳ ಯಾವ ಸ್ಥಳೀಯ ಸಂಸ್ಥೆ, ಯಾವ ಜಿಲ್ಲಾ ಸಂಸ್ಥೆಗೆ ಸೇರಿದೆ ಅಂತ ಮನೆ ವಿಳಾಸ ನೋಡಿ ಊಹಿಸಬೇಡಿ. ಶಾಲೆಯಲ್ಲಿರುವ ದಳದ ಹಳೇ ನೋಂದಣಿ ಪತ್ರ ನೋಡಿ.

ಇನ್ನೊಂದು ಮಾತು. ಸ್ಕೌಟ್ಸ್ ಹೆಸರಲ್ಲಿ ದೇಶದಲ್ಲಿ ಬೇರೆ ಸಂಸ್ಥೆಗಳೂ ಇವೆ. ವಿಶ್ವ ಸ್ಕೌಟ್ ಸಂಸ್ಥೆ ಮತ್ತು ವಿಶ್ವ ಗೈಡ್ ಸಂಸ್ಥೆಗಳ ಸದಸ್ಯತ್ವ ಇರೋದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ಗೆ. ಶಾಲೆ ಯಾವ ಸಂಸ್ಥೆಯಲ್ಲಿ ನೋಂದಾಯಿಸಿದೆ ಅಂತ ಮೊದಲ ದಿನವೇ ಕೇಳ್ಕೊಳ್ಳಿ.

ಎಪಿಆರ್‌ಒ ಎಂಬ ನಿಯಮ ಪುಸ್ತಕ

ಸ್ಕೌಟ್ ವಲಯದಲ್ಲಿ ಎರಡು ವಾರ ಓಡಾಡಿದರೆ 'ಎಪಿಆರ್‌ಒ' ಅನ್ನೋ ಮಾತು ಕಿವಿಗೆ ಬೀಳುತ್ತೆ. ಉದ್ದೇಶ, ನೀತಿ, ನಿಯಮ, ಸಂಘಟನೆ ಎಂಬ ನಾಲ್ಕು ಪದಗಳ ಇಂಗ್ಲಿಷ್ ಮೊದಲಕ್ಷರ ಅದು. ಮೂರು ಭಾಗಗಳಿವೆ. ಮೊದಲನೇದರಲ್ಲಿ ಸಂಘಟನೆ: ಯಾರು ಯಾರನ್ನು ನೇಮಿಸ್ತಾರೆ, ಸಮಿತಿ ಹೇಗೆ ರಚನೆ ಆಗುತ್ತೆ. ಎರಡನೇದು ಸ್ಕೌಟ್ ವಿಭಾಗ, ಮೂರನೇದು ಗೈಡ್ ವಿಭಾಗ: ದಳ, ಸಮವಸ್ತ್ರ, ಬ್ಯಾಡ್ಜ್, ಪರೀಕ್ಷೆ.

ಇಡೀ ಪುಸ್ತಕ ಒಂದೇ ಸಲ ಓದೋ ಅಗತ್ಯ ಇಲ್ಲ. ಹುಡುಗರ ದಳ ನೋಡ್ಕೊಳ್ಳೋರು ಎರಡನೇ ಭಾಗ, ಹುಡುಗಿಯರ ದಳದವರು ಮೂರನೇ ಭಾಗದಲ್ಲಿ ತಮ್ಮ ಮಕ್ಕಳ ವಯಸ್ಸಿನ ಅಧ್ಯಾಯ ಓದಿದರೆ ಶುರುವಿಗೆ ಸಾಕು. ಆದರೆ ಕೈಗೆ ಸಿಕ್ಕ ಹಳೇ ಪ್ರತಿಯನ್ನೇ ನಂಬಬೇಡಿ. ವಯಸ್ಸಿನ ಮಿತಿ, ಪರೀಕ್ಷೆಯ ಪಠ್ಯ, ಬ್ಯಾಡ್ಜ್ ಕಾಲಕಾಲಕ್ಕೆ ಬದಲಾಗುತ್ತವೆ. ನೀವು 1990ರ ದಶಕದಲ್ಲಿ ಕಲಿತದ್ದು ಗಂಟು ಕಟ್ಟೋದರಲ್ಲಿ ಇವತ್ತಿಗೂ ಸರಿ, ನಿಯಮದಲ್ಲಿ ಸರಿ ಇರಬೇಕಿಲ್ಲ.

ಸೇರುವ ಕ್ರಮ

ಚಿಕ್ಕ ಹುಡುಗರ ಗುಂಪು ಕಬ್, ಹುಡುಗಿಯರದು ಬುಲ್‌ಬುಲ್. ಅದರ ಮೇಲೆ ಸ್ಕೌಟ್ ಮತ್ತು ಗೈಡ್, ಯುವಕರಿಗೆ ರೋವರ್, ಯುವತಿಯರಿಗೆ ರೇಂಜರ್. ದೊಡ್ಡವರ ಹುದ್ದೆಯೂ ಅದಕ್ಕೆ ತಕ್ಕಂತೆ: ಕಬ್ ಮಾಸ್ಟರ್, ಫ್ಲಾಕ್ ಲೀಡರ್, ಸ್ಕೌಟ್ ಮಾಸ್ಟರ್, ಗೈಡ್ ಕ್ಯಾಪ್ಟನ್, ರೋವರ್ ಸ್ಕೌಟ್ ಲೀಡರ್, ರೇಂಜರ್ ಲೀಡರ್. ಗೈಡ್ ದಳಕ್ಕೆ ಮಹಿಳೆಯೇ ನಾಯಕಿ ಆಗಿರಬೇಕು. 'ಮಿಸ್ ರಜೆ, ಇವತ್ತೊಂದಿನ ನೀವೇ ಹುಡುಗಿಯರನ್ನ ಕ್ಯಾಂಪ್‌ಗೆ ಕರ್ಕೊಂಡು ಹೋಗಿ' ಅಂತ ಯಾರಾದರೂ ಸ್ಕೌಟ್ ಮಾಸ್ಟರ್‌ಗೆ ಹೇಳಿದರೆ ಉತ್ತರ ಒಂದೇ: ಆಗಲ್ಲ.

ಹೆಜ್ಜೆಗಳು ಹೀಗೆ:

1. ಶಾಲೆಯ ಮುಖ್ಯಸ್ಥರಿಂದ ಲಿಖಿತ ಪತ್ರ ತಗೊಳ್ಳಿ. ಬಾಯಿಮಾತಿನ ಒಪ್ಪಿಗೆ ಹೆಡ್‌ಮಿಸ್ ವರ್ಗ ಆದ ದಿನವೇ ಮುಗಿದುಹೋಗುತ್ತೆ.

2. ಸ್ಥಳೀಯ ಅಥವಾ ಜಿಲ್ಲಾ ಸಂಸ್ಥೆಗೆ ಹೋಗಿ, ವಯಸ್ಕ ಸದಸ್ಯರಾಗಿ ನೋಂದಾಯಿಸಿಕೊಳ್ಳಿ. ಈಗ ನೋಂದಣಿ ಒವೈಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತೆ. ಪ್ರತಿ ಸದಸ್ಯರಿಗೂ ಒಂದು ಗುರುತಿನ ಸಂಖ್ಯೆ ಬರುತ್ತೆ.

3. ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು, ಪರಿಶೀಲನೆ ನಿಮ್ಮ ವ್ಯಾಪ್ತಿಯ ಠಾಣೆಯಿಂದ ಆಗುತ್ತೆ. 2020ರ ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳ ಜತೆ ನಿರಂತರ ಸಂಪರ್ಕ ಇರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಲೇಬೇಕು. ನೀವು ಸಂಬಳದ ಸಿಬ್ಬಂದಿ ಅಲ್ಲದಿರಬಹುದು. ಆದರೂ ಕೇಳುವ ಮೊದಲೇ ಕೊಟ್ಟುಬಿಟ್ಟರೆ ಶಾಲೆಗೂ ನೆಮ್ಮದಿ, ನಿಮಗೂ ಗೌರವ.

4. ಮೂಲ ತರಬೇತಿ ಶಿಬಿರಕ್ಕೆ ಹೆಸರು ಕೊಡಿ.

ತರಬೇತಿ: ಅಂಗಡಿ ಬಿಟ್ಟು ಎಷ್ಟು ದಿನ?

ಒಂದು ದಿನದ ಪರಿಚಯ ಶಿಬಿರದಿಂದ ಶುರು. ಆಮೇಲೆ ಮೂಲ ತರಬೇತಿ, ಸಾಮಾನ್ಯವಾಗಿ ಒಂದು ವಾರದ ವಸತಿ ಶಿಬಿರ. ಸ್ವಲ್ಪ ಕಾಲ ದಳ ನಡೆಸಿದ ಮೇಲೆ ಅಡ್ವಾನ್ಸ್ಡ್ ಕೋರ್ಸ್, ಅದೂ ಅಷ್ಟೇ ದಿನ. ಅದಾದ ಮೇಲೆ ಹಿಮಾಲಯನ್ ವುಡ್ ಬ್ಯಾಡ್ಜ್. ರಾಜ್ಯದ ಶಿಬಿರಗಳು ಹೆಚ್ಚಾಗಿ ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕ್‌ನಲ್ಲಿ, ದಾವಣಗೆರೆ ಜಿಲ್ಲೆಯ ಕೊಂಡಜ್ಜಿಯಲ್ಲಿ ನಡೆಯುತ್ತವೆ. ರಾಷ್ಟ್ರೀಯ ತರಬೇತಿ ಕೇಂದ್ರ ಮಧ್ಯಪ್ರದೇಶದ ಪಚ್‌ಮಢಿಯಲ್ಲಿದೆ.

ವ್ಯಾಪಾರ ಇರೋರಿಗೆ ಒಂದು ವಾರ ಅಂಗಡಿ ಬಿಡೋದು ಸುಲಭ ಅಲ್ಲ. ಹಬ್ಬದ ಸೀಸನ್‌ನಲ್ಲಂತೂ ಆಗಲ್ಲ. ವರ್ಷದ ಶಿಬಿರಗಳ ಪಟ್ಟಿಯನ್ನು ಜಿಲ್ಲಾ ಸಂಸ್ಥೆಯಿಂದ ಮೊದಲೇ ಇಸ್ಕೊಂಡು ದಿನಾಂಕ ಗುರುತು ಹಾಕಿಟ್ಟುಕೊಳ್ಳಿ. ಅದೂ ಆಗದಿದ್ದರೆ, ತರಬೇತಿ ಪಡೆದ ನಾಯಕರ ಜತೆ ಸಹಾಯಕರಾಗಿ ಇರಿ. ಒಬ್ಬರೇ ದಳ ವಹಿಸಿಕೊಳ್ಳಬೇಡಿ. ಅಧಿಕೃತ ನೇಮಕದ ಪತ್ರಕ್ಕೆ ಇಲ್ಲಿ 'ವಾರಂಟ್' ಅಂತಾರೆ. ಪೊಲೀಸ್ ವಾರಂಟ್ ಅಂತ ಮನೇಲಿ ಗಾಬರಿ ಆಗೋದು ಬೇಡ! ಅದಕ್ಕೂ ಈ ತರಬೇತಿಯೇ ದಾರಿ.

ನೋಂದಣಿ ತಪ್ಪಿದರೆ ನಷ್ಟ ಮಗುವಿಗೆ

ಸ್ವಯಂಸೇವಕರು ಅತಿ ಹೆಚ್ಚು ಉದಾಸೀನ ಮಾಡೋದು ಇಲ್ಲೇ. ಮೈದಾನದ ಆಟ, ಶಿಬಿರಾಗ್ನಿಯ ಹಾಡು ಎಲ್ಲರಿಗೂ ಇಷ್ಟ. ರಿಜಿಸ್ಟರ್ ಬರೆಯೋದು ಯಾರಿಗೂ ಬೇಡ.

ಸ್ಕೌಟ್, ಗೈಡ್ ಮಕ್ಕಳ ಏಣಿ ಹೀಗಿದೆ: ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ. ಒಂದರಿಂದ ಇನ್ನೊಂದಕ್ಕೆ ಹೋಗೋಕೆ ಮಧ್ಯೆ ಇಂತಿಷ್ಟು ತಿಂಗಳು ಕಳೆದಿರಬೇಕು. ಒಂದು ವರ್ಷ ದಳದ ನವೀಕರಣ ಮಾಡಿಸಿಲ್ಲ ಅಂದ್ರೆ ಆ ವರ್ಷದ ಸೋಪಾನದ ದಿನಾಂಕಗಳಿಗೆ ಆಧಾರ ಇರಲ್ಲ. ಎಂಟನೇ ಕ್ಲಾಸಿನಲ್ಲಿ ಸೇರಿದ ಮಗುವಿಗೆ ಎಸ್ಸೆಸ್ಸೆಲ್ಸಿವರೆಗೆ ಇರೋದು ಮೂರೇ ವರ್ಷ. ಅದರಲ್ಲಿ ಒಂದು ವರ್ಷ ಹೋದರೆ ಮತ್ತೆ ಹಿಡಿಯೋಕೆ ಆಗಲ್ಲ. ತಪ್ಪು ದೊಡ್ಡವರದು, ಕಳ್ಕೊಳ್ಳೋದು ಮಗು.

ಈ ಪ್ರಮಾಣಪತ್ರದ ಬೆಲೆ ಗೋಡೆಗೆ ಫ್ರೇಮ್ ಹಾಕಿ ತೂಗುಹಾಕೋದಕ್ಕೆ ಮಾತ್ರ ಅಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿ ಪ್ರವೇಶದಲ್ಲಿ ಎನ್‌ಸಿಸಿ, ಕ್ರೀಡೆ ಇದ್ದ ಹಾಗೆ ಸ್ಕೌಟ್ಸ್ ಮತ್ತು ಗೈಡ್ಸ್‌ಗೂ ವಿಶೇಷ ಪ್ರವರ್ಗ ಇದೆ. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್–ಗೈಡ್ಸ್ ಕೋಟಾ ಇದೆ. ಎರಡು ಕಡೆಯೂ ಅಸಲಿ ದಾಖಲೆ ನೋಡ್ತಾರೆ. ಹೆಸರಿನ ಅಕ್ಷರ ಶಾಲೆಯ ದಾಖಲೆಗೆ ಹೊಂದದಿದ್ದರೆ, ಹುಟ್ಟಿದ ದಿನಾಂಕ ತಪ್ಪಾಗಿದ್ದರೆ ಅಲ್ಲಿ ಪರದಾಟ ಶುರು.

ಅದಕ್ಕೇ ಈ ನಾಲ್ಕು ದಾಖಲೆ ಸದಾ ಸರಿಯಾಗಿರಲಿ:
• ಹಾಜರಿ ಪುಸ್ತಕ
• ಪ್ರತಿ ಮಗುವಿನ ಲಾಗ್ ಬುಕ್, ನಾಯಕರ ಸಹಿ ಮತ್ತು ದಿನಾಂಕದ ಸಮೇತ
• ವಾರ್ಷಿಕ ನೋಂದಣಿಯ ರಸೀದಿ
• ಪರೀಕ್ಷಾ ಶಿಬಿರದ ಫಲಿತಾಂಶದ ಪ್ರತಿ

ಲಾಗ್ ಬುಕ್‌ಗೆ ಕೊನೇ ವಾರ ಕೂತು ಒಟ್ಟಿಗೆ ಸಹಿ ಹಾಕೋ ಚಾಳಿ ಬೇಡ. ಇದ್ದ ಪೆನ್ನಲ್ಲೇ ಆವತ್ತಿಂದು ಆವತ್ತೇ ಬರೀರಿ.

ಮಕ್ಕಳ ಸುರಕ್ಷತೆ: ಇಲ್ಲಿ ರಾಜಿ ಇಲ್ಲ

ವಿಶ್ವ ಸ್ಕೌಟ್ ಸಂಸ್ಥೆಯ ಮಕ್ಕಳ ರಕ್ಷಣಾ ನೀತಿಗೆ 'ಸೇಫ್ ಫ್ರಮ್ ಹಾರ್ಮ್' ಅಂತ ಹೆಸರು. ಇದರ ಆನ್‌ಲೈನ್ ಪಾಠವೂ ಇದೆ, ಹೊಸಬರು ಮೊದಲ ತಿಂಗಳಲ್ಲೇ ಮುಗಿಸೋದು ಒಳ್ಳೇದು. ದಿನನಿತ್ಯದ ಬಳಕೆಗೆ ತಂದರೆ ಇಷ್ಟು:

ಯಾವ ದೊಡ್ಡವರೂ ಒಂದು ಮಗುವಿನ ಜತೆ ಮುಚ್ಚಿದ ಕೋಣೆಯಲ್ಲಿ, ಕಾರಿನಲ್ಲಿ, ಟೆಂಟ್‌ನಲ್ಲಿ ಒಬ್ಬರೇ ಇರಬಾರದು. ಏನಾದರೂ ಪ್ರತ್ಯೇಕ ಮಾತಾಡಬೇಕಿದ್ದರೆ ಎಲ್ಲರ ಕಣ್ಣಿಗೆ ಕಾಣುವ ಜಾಗದಲ್ಲಿ, ಕಿವಿಗೆ ಬೀಳದಷ್ಟು ದೂರದಲ್ಲಿ ಮಾತಾಡಿ. ಕ್ಯಾಂಪ್‌ನಲ್ಲಿ ದೊಡ್ಡವರು ಮಲಗುವ ಜಾಗ ಬೇರೆ, ಮಕ್ಕಳದು ಬೇರೆ. ಸ್ನಾನ, ಶೌಚಾಲಯದ ವ್ಯವಸ್ಥೆಯೂ ಬೇರೆ. ಮಗುವಿಗೆ ಖಾಸಗಿ ಮೆಸೇಜ್ ಬೇಡ, ಪೋಷಕರು ಇರುವ ಗುಂಪಿನಲ್ಲೇ ಸೂಚನೆ ಹಾಕಿ. ತಡವಾಯ್ತು ಅಂತ ಒಂದೇ ಮಗುವನ್ನು ಸ್ಕೂಟರ್‌ನಲ್ಲಿ ಮನೆಗೆ ಬಿಡೋಕೆ ಹೊರಡಬೇಡಿ. ಪೋಷಕರಿಗೆ ಫೋನ್ ಮಾಡಿ, ಅವರು ಬರೋ ತನಕ ಇನ್ನೊಬ್ಬ ನಾಯಕರ ಜತೆ ಕಾಯಿರಿ.

'ನಮ್ಮ ಏರಿಯಾದಲ್ಲಿ ಎಲ್ಲರೂ ಪರಿಚಯ, ಇದೆಲ್ಲ ಯಾಕೆ?' ಅನ್ನೋ ಮಾತು ಬಂದೇ ಬರುತ್ತೆ. ಮಗುವಿಗೆ ತೊಂದರೆ ಕೊಡುವವರು ಹೆಚ್ಚಾಗಿ ಪರಿಚಿತರೇ ಆಗಿರ್ತಾರೆ. ಅದಕ್ಕೇ ನಿಯಮ ಎಲ್ಲರಿಗೂ ಒಂದೇ. ಅಂಗಡಿಯಲ್ಲಿ ಎಷ್ಟೇ ನಂಬಿಕಸ್ಥರಿದ್ದರೂ ಸಂಜೆ ಗಲ್ಲಾಪೆಟ್ಟಿಗೆ ಲೆಕ್ಕ ಹಾಕಲ್ವಾ, ಹಾಗೆ.

ಶಿಕ್ಷೆಯ ವಿಚಾರ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ನಿಷೇಧಿಸುತ್ತದೆ. ಸ್ಕಾರ್ಫ್ ಮರೆತು ಬಂದ ಹುಡುಗನಿಗೆ ಬಸ್ಕಿ ಹೊಡೆಸೋದು, ಬಿಸಿಲಲ್ಲಿ ನಿಲ್ಲಿಸೋದು 'ಶಿಸ್ತು' ಅಲ್ಲ. ಸ್ಕೌಟ್ ಪದ್ಧತಿಯಲ್ಲಿ ಇದಕ್ಕೆ ಬೇರೆ ದಾರಿ ಇದೆ. ಆರರಿಂದ ಎಂಟು ಮಕ್ಕಳ ಪ್ಯಾಟ್ರೋಲ್, ಅದಕ್ಕೊಬ್ಬ ನಾಯಕ, ನಾಯಕರೆಲ್ಲ ಸೇರುವ ಕೋರ್ಟ್ ಆಫ್ ಆನರ್. ತಪ್ಪು–ಒಪ್ಪು ಮಾತಾಡೋಕೆ ಜಾಗ ಅದು.

ಅನುಮಾನ ಬಂದರೆ ಏನು ಮಾಡಬೇಕು?

2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಥವಾ ನಡೆಯುವ ಸಂಭವ ಇದೆ ಅಂತ ಗೊತ್ತಾದ ಯಾರೇ ಆಗಲಿ, ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್‌ನಡಿ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಉಸ್ತುವಾರಿ ಹೊತ್ತವರು ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕ್ರಮ ಇಲ್ಲ.

'ಮೊದಲು ನಾವೇ ವಿಚಾರಿಸಿ ನೋಡೋಣ, ಶಾಲೆ ಹೆಸರು ಹಾಳಾಗುತ್ತೆ' ಅಂತ ಹಿರಿಯರು ಹೇಳಬಹುದು. ವಿಚಾರಣೆ ನಿಮ್ಮ ಕೆಲಸ ಅಲ್ಲ. ಮಗು ಹೇಳಿದ್ದನ್ನು ಸಮಾಧಾನವಾಗಿ ಕೇಳಿ, ಮತ್ತೆ ಮತ್ತೆ ಪ್ರಶ್ನೆ ಹಾಕಬೇಡಿ, ಅದರ ಮಾತಿನಲ್ಲೇ ಬರೆದಿಟ್ಟುಕೊಂಡು ತಕ್ಷಣ ತಿಳಿಸಿ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಮಗುವಿನ ಹೆಸರು, ಫೋಟೊ, ಶಾಲೆ, ಬೀದಿ ಯಾವುದೂ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಬಾರದು.

ಹೊರಸಂಚಾರ ಮತ್ತು ಕ್ಯಾಂಪ್

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಸ್ಕೌಟ್ ಕಾರ್ಯಕ್ರಮ ಅಲ್ಲ. ಆದರೆ ಮಕ್ಕಳನ್ನು ಹೊರಗೆ ಕರ್ಕೊಂಡು ಹೋಗುವ ಯಾರೂ ಅದನ್ನು ಮರೀಬಾರದು.

ನಮ್ಮ ಭಾಗದವರಿಗೆ ಮಾಗಡಿ ರಸ್ತೆ ಹಿಡಿದರೆ ಸಾವನದುರ್ಗ, ಮಂಚನಬೆಲೆ ಹತ್ತಿರ. ಕೆಂಗೇರಿ, ಉತ್ತರಹಳ್ಳಿ ಕಡೆಯವರಿಗೆ ತುರಹಳ್ಳಿ. ಇವುಗಳಲ್ಲಿ ಅರಣ್ಯ ಪ್ರದೇಶ ಇದೆ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಅಥವಾ ಆನ್‌ಲೈನ್ ಬುಕಿಂಗ್ ಬೇಕೇ ಅಂತ ಮೊದಲೇ ನೋಡ್ಕೊಳ್ಳಿ. ಮಂಚನಬೆಲೆ ಹಿನ್ನೀರಿನಲ್ಲಿ ಮುಳುಗಿ ಸತ್ತ ಸುದ್ದಿಗಳು ಎಷ್ಟೋ ಬಂದಿವೆ. ಅಲ್ಲಿ ಮಕ್ಕಳನ್ನು ನೀರಿನ ಅಂಚಿಗೂ ಬಿಡಬೇಡಿ.

ಹೊರಡುವ ಮುಂಚೆ:
• ಶಾಲೆಯ ಮತ್ತು ಜಿಲ್ಲಾ ಸಂಸ್ಥೆಯ ಲಿಖಿತ ಅನುಮತಿ. ಶಾಲೆಯ ಹೆಸರಲ್ಲಿ ಹೋಗೋದಾದರೆ ಶಿಕ್ಷಣ ಇಲಾಖೆಯ ಅನುಮತಿಯನ್ನು ಬಿಇಒ ಕಚೇರಿಯಲ್ಲಿ ವಿಚಾರಿಸಿ.
• ಪ್ರತಿ ಮಗುವಿಗೂ ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ. ಅದರಲ್ಲಿ ಅಲರ್ಜಿ, ಉಬ್ಬಸ, ಫಿಟ್ಸ್, ಈಗ ತಗೊಳ್ತಿರುವ ಮಾತ್ರೆ, ಎರಡು ಫೋನ್ ನಂಬರ್ ಇರಲಿ.
• ಹತ್ತಿರದ ಆಸ್ಪತ್ರೆ, ಠಾಣೆ ಯಾವುದು ಅಂತ ಬರೆದ ಚೀಟಿ ಎಲ್ಲ ನಾಯಕರ ಕೈಯಲ್ಲಿ.
• ಹುಡುಗಿಯರಿದ್ದರೆ ಮಹಿಳಾ ನಾಯಕಿ, ರಾತ್ರಿ ಉಳಿಯುವಾಗಲೂ.
• ಹತ್ತುವಾಗ, ಇಳಿಯುವಾಗ, ಊಟಕ್ಕೆ ಮುಂಚೆ ತಲೆ ಎಣಿಕೆ.

ಶಿಬಿರಾಗ್ನಿಗೆ ಮೈಕ್ ಹಾಕೋದಾದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷೇಧ ಇದೆ ಅನ್ನೋದು ನೆನಪಿರಲಿ. ಪಾರ್ಕ್ ಅಥವಾ ಆಟದ ಮೈದಾನ ಬಳಸೋಕೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದವರು ಈಗ ಹೋಗಬೇಕಾದ್ದು ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಐದು ಪಾಲಿಕೆಗಳಾಗಿ ಒಡೆದ ಮೇಲೆ ಹಳೇ ಅನುಮತಿ ಪತ್ರ ತೋರಿಸಿದರೆ ಸಾಲದು.

ದುಡ್ಡಿನ ಲೆಕ್ಕ

ಸ್ವಯಂಸೇವಕರ ಹೆಸರು ಕೆಡೋದು ಹೆಚ್ಚಾಗಿ ಕಳ್ಳತನದಿಂದ ಅಲ್ಲ, ಲೆಕ್ಕ ಬರೆಯದೇ ಇರೋದರಿಂದ. ಮಕ್ಕಳ ಶುಲ್ಕ, ಕ್ಯಾಂಪ್ ದುಡ್ಡು, ದೇಣಿಗೆ ಯಾವುದೂ ನಿಮ್ಮ ಸ್ವಂತ ಫೋನ್‌ಪೇ ನಂಬರ್‌ಗೆ ಬರಬಾರದು. ಶಾಲೆಯ ಅಥವಾ ದಳದ ಹೆಸರಿನ ಖಾತೆ, ಇಬ್ಬರ ಸಹಿ, ಪ್ರತಿಯೊಂದಕ್ಕೂ ರಸೀದಿ. ಕ್ಯಾಂಪ್ ಮುಗಿದ ಒಂದು ವಾರದೊಳಗೆ ಖರ್ಚಿನ ಪಟ್ಟಿ ಪೋಷಕರಿಗೆ ಕೊಡಿ. ಉಳಿದಿದ್ದು 40 ರೂಪಾಯಿ ಆದರೂ ಬರೆಯಿರಿ.

ವ್ಯಾಪಾರಿಗಳಿಗೂ ಒಂದು ಮಾತು. ಸ್ಕೌಟ್‌ನಲ್ಲಿ 'ಖರಿ ಕಮಾಯಿ' ಅಂತ ಇದೆ. ಮಕ್ಕಳು ಸುಮ್ಮನೆ ಕೈ ಚಾಚದೆ, ಏನಾದರೂ ಕೆಲಸ ಮಾಡಿ ಸಂಪಾದಿಸಿ ದಳಕ್ಕೆ ಕೊಡುವ ಪದ್ಧತಿ. ಒಳ್ಳೇ ಪಾಠವೇ. ಆದರೆ 14 ವರ್ಷದೊಳಗಿನ ಮಕ್ಕಳನ್ನು ಅಂಗಡಿ ಕೆಲಸಕ್ಕೆ ನಿಲ್ಲಿಸಿಕೊಳ್ಳೋದನ್ನು ಬಾಲಕಾರ್ಮಿಕ ಕಾಯ್ದೆ ನಿಷೇಧಿಸಿದೆ. ಕೌಂಟರ್‌ನಲ್ಲಿ ನಿಲ್ಲಿಸೋದು, ಮೂಟೆ ಹೊರಿಸೋದು ಬೇಡ. ಮಕ್ಕಳು ಮಾಡಿದ ಪೇಪರ್ ಕವರ್, ದೀಪಾವಳಿಗೆ ಆಕಾಶಬುಟ್ಟಿ ಕೊಂಡುಕೊಳ್ಳಿ. ಜತೆಗೆ ದೊಡ್ಡವರೊಬ್ಬರು ಇರಲಿ.

ಸಮವಸ್ತ್ರ ಮತ್ತು ರಾಜಕೀಯ

ಸಮವಸ್ತ್ರ ಹಾಕೋ ಹಕ್ಕು ಬರೋದು ನೋಂದಣಿ ಆಗಿ ಪ್ರತಿಜ್ಞೆ ತಗೊಂಡ ಮೇಲೆ. ಬ್ಯಾಡ್ಜ್ ಗಳಿಸಿದವರು ಮಾತ್ರ ಹಾಕಬೇಕು. ಅವೆನ್ಯೂ ರಸ್ತೆಯಲ್ಲಿ ಸಿಕ್ತು ಅಂತ ಹೊಲಿಸಿಕೊಳ್ಳೋದಲ್ಲ.

ಸಂಸ್ಥೆಯ ವ್ಯಾಖ್ಯೆಯಲ್ಲೇ ಇದು ರಾಜಕೀಯೇತರ, ಜಾತಿ–ಧರ್ಮ ಭೇದ ಇಲ್ಲದ, ಸ್ವಯಂಪ್ರೇರಿತ ಚಳವಳಿ ಅಂತಿದೆ. ಸ್ವಾತಂತ್ರ್ಯ ದಿನದ ಪಥಸಂಚಲನ, ಜಾತ್ರೆಯಲ್ಲಿ ಕುಡಿಯೋ ನೀರಿನ ಸೇವೆ ಇವೆಲ್ಲ ಸರಿ. ಆದರೆ ಏರಿಯಾದ ಮುಖಂಡರು 'ನಮ್ಮ ನಾಯಕರು ಬರ್ತಿದ್ದಾರೆ, ಯೂನಿಫಾರ್ಮ್‌ನಲ್ಲಿ ಮಕ್ಕಳನ್ನ ಎರಡು ಸಾಲು ನಿಲ್ಲಿಸಿ' ಅಂದರೆ ಕಷ್ಟ. ಅಂಗಡಿ ಇಟ್ಟುಕೊಂಡವರಿಗೆ ಮುಖದ ಮೇಲೆ ಇಲ್ಲ ಅನ್ನೋಕೆ ಆಗಲ್ಲ. ಆಗ ನಿಯಮವೇ ನಿಮ್ಮ ಬೆನ್ನಿಗಿರುತ್ತೆ: "ಅಣ್ಣಾ, ನನ್ನ ಕೈಲಿಲ್ಲ. ಜಿಲ್ಲಾ ಸಂಸ್ಥೆಯಿಂದ ಲಿಖಿತವಾಗಿ ಅನುಮತಿ ಬರಬೇಕು." ಇಷ್ಟು ಹೇಳಿದರೆ ಸಾಕು.

ಸಾಮಾನ್ಯ ಪ್ರಶ್ನೆಗಳು

ಶಾಲೆಗೆ ಸೇರದವರು ದಳ ಶುರು ಮಾಡಬಹುದಾ? ಮಾಡಬಹುದು. ಬಡಾವಣೆಯ ಮಕ್ಕಳನ್ನು ಸೇರಿಸಿ ನಡೆಸೋದಕ್ಕೆ 'ಮುಕ್ತ ದಳ' ಅಂತಾರೆ. ಆದರೆ ಹೆಡ್‌ಮಿಸ್ ಜಾಗದಲ್ಲಿ ಜವಾಬ್ದಾರಿ ಹೊರೋಕೆ ಪೋಷಕರ ಸಮಿತಿ ಬೇಕು. ಜಿಲ್ಲಾ ಸಂಸ್ಥೆಯ ಒಪ್ಪಿಗೆ ಮೊದಲು, ಮೊದಲ ಸಭೆ ಆಮೇಲೆ.

ಸಂಬಳ ಇದೆಯಾ? ಇಲ್ಲ. ಇದು ಸೇವೆ.

ಮೇಲಿನವರು ಹೇಳಿದ್ದು ನಿಯಮಕ್ಕೆ ವಿರುದ್ಧ ಅನ್ನಿಸಿದರೆ? ವಾದಕ್ಕೆ ಇಳೀಬೇಡಿ. 'ಇದು ಎಪಿಆರ್‌ಒದಲ್ಲಿ ಎಲ್ಲಿದೆ, ತಿಳಿಸಿಕೊಡಿ ಸರ್' ಅಂತ ವಿನಯವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ತಗೊಳ್ಳಿ. ಸುರಕ್ಷತೆಯ ವಿಚಾರವಾದರೆ ಉತ್ತರಕ್ಕೆ ಕಾಯೋದು ಬೇಡ. ಕಾರ್ಯಕ್ರಮ ನಿಲ್ಲಿಸಿ, ಆಮೇಲೆ ಕೇಳಿ.

ವರ್ಷಕ್ಕೊಮ್ಮೆ ನೋಡ್ಕೊಳ್ಳಿ

ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ವಾರಗಳಲ್ಲಿ ಒಂದು ಸಂಜೆ ಕೂತು ಈ ಪಟ್ಟಿ ಪರಿಶೀಲಿಸಿದರೆ ವರ್ಷವಿಡೀ ನಿಶ್ಚಿಂತೆ: ದಳದ ನವೀಕರಣ ಆಗಿದೆಯೇ, ನಿಮ್ಮ ಸದಸ್ಯತ್ವ ಚಾಲ್ತಿಯಲ್ಲಿದೆಯೇ, ಇನ್ನೊಬ್ಬ ನಾಯಕರು ಜತೆಗಿದ್ದಾರೆಯೇ, ಮಕ್ಕಳ ಹೆಸರು–ಹುಟ್ಟಿದ ದಿನಾಂಕ ಶಾಲೆಯ ದಾಖಲೆಗೆ ಹೊಂದುತ್ತಿದೆಯೇ, ಪೋಷಕರ ಪತ್ರ ಹೊಸದಾಗಿ ಬಂದಿದೆಯೇ, ಈ ವರ್ಷದ ಪರೀಕ್ಷಾ ಶಿಬಿರದ ದಿನಾಂಕ ಗೊತ್ತಿದೆಯೇ.

ಸ್ಕೌಟ್‌ಗಳ ಧ್ಯೇಯವಾಕ್ಯ 'ಸಿದ್ಧರಾಗಿರಿ' ಅಂತ ಮಕ್ಕಳಿಗೆ ಮೊದಲ ದಿನವೇ ಕಲಿಸ್ತೀವಿ. ಆ ಕಾಗದದ ಫೈಲ್ ನೆಟ್ಟಗಿದ್ದರೆ ನಾವೂ ಸಿದ್ಧ ಅಂತ ಹೇಳಿಕೊಳ್ಳಬಹುದು.